ಆ ಹೆಂಗಸನ್ನು ಯಾರೂ ನೋಡಲಿಲ್ಲ

ಹಾಸನದಲ್ಲಿ ಆ ಸಿನಿಮಾ ನಾಲ್ಕು ದಿನ ಓಡಿತು. ಓಡಿತು ಅನ್ನುವುದು ದೊಡ್ಡ ಮಾತಾಯಿತು, ಕುಂಟಿತು. ಶುಕ್ರವಾರ ಬಂದದ್ದು ಸೋಮವಾರ ಸಂಜೆಯ ಆಟಕ್ಕೆ ಮುಗಿಯಿತು. ಮಂಗಳವಾರ ಅದೇ ಪರದೆಯ ಮೇಲೆ ಒಬ್ಬ ಗಡ್ಡದ ಹೀರೋ ಮಚ್ಚು ಹಿಡಿದು ನಿಂತಿದ್ದ. ಆ ನಾಲ್ಕು ದಿನದಲ್ಲಿ ನಾನು ಮೂರು ಸಲ ಹೋದೆ. ಮೂರನೆಯ ಸಲ ಟಿಕೆಟ್ ಕೊಡುವವನು ನನ್ನ ಮುಖ ನೋಡಿ, "ಮೇಡಂ, ನಿಮ್ಮೋರ್ದಾ ಫಿಲಮ್ಮು?" ಎಂದು ಕೇಳಿದ. ಹಾಗೇ ಅಂದುಕೊಳ್ಳಪ್ಪ ಎಂದು ಹೇಳಿ ಒಳಗೆ ಹೋದೆ.

ಮಾಡಿದವರು ಹೊಸಬರು. ಹೆಸರು ಮಾಡಿದ ನಟರಿಲ್ಲ, ಹಾಡಿಲ್ಲ, ಫೈಟಿಲ್ಲ. ಹೊಳೆನರಸೀಪುರದ ಸುತ್ತಮುತ್ತಲೇ ಚಿತ್ರೀಕರಣ ಮಾಡಿದ್ದರು. ಬಸ್ ನಿಲ್ದಾಣ, ಹೇಮಾವತಿಯ ಸೇತುವೆ, ಗದ್ದೆ ಬಯಲಿನ ಪಂಪ್‌ಹೌಸು ಎಲ್ಲವೂ ನನಗೆ ಗೊತ್ತಿದ್ದ ಜಾಗಗಳೇ. ಕಥೆ ಇಷ್ಟು. ನಲವತ್ತು ದಾಟಿದ ಹೆಂಗಸೊಬ್ಬಳು ತವರಿನ ಜಮೀನಿನಲ್ಲಿ ತನ್ನ ಪಾಲು ಬೇಕೇ ಬೇಕು ಎಂದು ಹಟ ಹಿಡಿಯುತ್ತಾಳೆ. ಹಟ ಹಿಡಿದವಳು ಬಡವಿಯಲ್ಲ. ಗಂಡ ಕುಡುಕನಲ್ಲ, ಮಕ್ಕಳು ಹಸಿದಿಲ್ಲ. ಬೇಕು, ಅಷ್ಟೇ. ಅದಕ್ಕಾಗಿ ಕೋರ್ಟಿನಲ್ಲಿ ಸತ್ತ ಅಪ್ಪನ ಮೇಲೆ ಸುಳ್ಳು ಹೇಳುತ್ತಾಳೆ. ತಮ್ಮನ ಹಸು ತನ್ನ ತೊಟ್ಟಿಯಲ್ಲಿ ನೀರು ಕುಡಿಯಲು ಬಂದರೆ ಕಲ್ಲು ಬೀರಿ ಓಡಿಸುತ್ತಾಳೆ. ತಾಯಿ ತೀರಿಕೊಂಡ ದಿನ ಎಲ್ಲರೂ ಗೊಳೋ ಎಂದು ಅಳುತ್ತಿರುವಾಗ ಇವಳು ಹೆಣದ ಕಿವಿಯಿಂದ ಓಲೆ ಬಿಚ್ಚಿಕೊಂಡು ಸೆರಗಿಗೆ ಗಂಟು ಹಾಕುತ್ತಾಳೆ. ಕೊನೆಗೆ ಪಾಲು ಸಿಗುತ್ತದೆ. ಬದುವಿನ ಮೇಲೆ ಕೂತು ತಂದ ಬುತ್ತಿ ಬಿಚ್ಚಿ ಉಣ್ಣುತ್ತಾಳೆ. ಪಶ್ಚಾತ್ತಾಪ ಇಲ್ಲ, ಕಣ್ಣೀರಿಲ್ಲ. ಉಂಡು ಕೈ ತೊಳೆಯುವಲ್ಲಿಗೆ ಸಿನಿಮಾ ಮುಗಿಯುತ್ತದೆ.

ಮೊದಲ ಸಲ ಒಬ್ಬಳೇ ನೋಡಿ ಹೊರಗೆ ಬಂದವಳು ಆಟೋ ಹತ್ತದೆ ಮನೆಯವರೆಗೂ ನಡೆದೇ ಹೋದೆ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಹೇಳಿಕೊಡುವವಳು. ನಮ್ಮದೊಂದು ಏಳೆಂಟು ಜನರ ಗುಂಪಿದೆ, ಮೇಷ್ಟ್ರುಗಳೇ ಹೆಚ್ಚು. ತಿಂಗಳಿಗೊಂದು ಭಾನುವಾರ ಒಟ್ಟಿಗೆ ಸಿನಿಮಾ ನೋಡಿ, ಆಮೇಲೆ ದೋಸೆ ತಿನ್ನುತ್ತಾ ಅದರ ಬಗ್ಗೆ ಮಾತಾಡುವುದು ರೂಢಿ. ಆ ಭಾನುವಾರ ಎಲ್ಲರನ್ನೂ ಎಳೆದುಕೊಂಡು ಇದಕ್ಕೆ ಹೋದೆ. ಮುಗಿದ ಮೇಲೆ ಹೋಟೆಲಿನಲ್ಲಿ ಎಲ್ಲರ ಮುಖವೂ ಹುಳ್ಳಗೆ. ನಮ್ಮ ಗಣಿತದ ಮೇಷ್ಟ್ರು ಚಟ್ನಿ ಬಡಿಸಿಕೊಳ್ಳುತ್ತಾ, "ಎಲ್ಲಾ ಸರಿ ಮೇಡಂ, ಆದ್ರೆ ಇದ್ರಲ್ಲಿ ನಾವು ಯಾರ ಪರ ನಿಲ್ಲೋದು?" ಎಂದರು.

"ನಿಲ್ಲೋಕೆ ಯಾರ್ ಹೇಳಿದ್ರು ಸಾರ್? ಕುರ್ಚಿ ಕೊಟ್ಟಿದ್ರಲ್ಲ," ಎಂದೆ. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಅವರು ಬಿಡಲಿಲ್ಲ. "ಒಂದೇ ಒಂದು ಕಡೆ ಅವಳು ಅತ್ತಿದ್ರೆ ಸಾಕಿತ್ತು. ಒಂದ್ ಸೀನು. ಗಂಡನೋ ಮಾವನೋ ಹಿಂಸೆ ಕೊಟ್ಟ ಅಂತ ಒಂದ್ ಫ್ಲ್ಯಾಶ್‌ಬ್ಯಾಕ್ ಇಟ್ಟಿದ್ರೆ ಹೆಂಗಸರು ಮುಗಿಬಿದ್ದು ನೋಡ್ತಿದ್ರು." ಉಳಿದವರು ತಲೆಯಾಡಿಸಿದರು. ದೋಸೆ ಅರ್ಧಕ್ಕೇ ಬಿಟ್ಟು ಎದ್ದೆ. ಅವರು ಹೇಳಿದ್ದು ನಿಜ ಎನ್ನುವುದೇ ನನ್ನ ಸಿಟ್ಟಿಗೆ ಕಾರಣ. ಖಂಡಿತ ಮುಗಿಬಿದ್ದು ನೋಡುತ್ತಿದ್ದರು. ಅತ್ತವಳಿಗೆ ಮಾತ್ರ ನಮ್ಮ ಕರುಣೆ. ಮೊದಲು ತಲೆ ತಗ್ಗಿಸು, ಮೂಗು ಒರೆಸು, ಆಮೇಲೆ ನಿನ್ನ ಕಷ್ಟ ಏನು ಅಂತ ಕೇಳೋಣ ಎನ್ನುವ ಜನ ನಾವು.

ಕೆಟ್ಟವರು ನಮ್ಮ ಜನಕ್ಕೆ ಹಿಡಿಸುವುದಿಲ್ಲ ಎನ್ನುವುದು ಶುದ್ಧ ಸುಳ್ಳು. ಮಂಗಳವಾರ ಬಂದ ಗಡ್ಡದವನು ಮಧ್ಯಂತರಕ್ಕೆ ಮುಂಚೆಯೇ ಒಂದು ಊರಿನಷ್ಟು ಜನರನ್ನು ಕೊಚ್ಚಿ ಹಾಕುತ್ತಾನೆ. ಬೇಡ ಎಂದ ಹುಡುಗಿಯ ಹಿಂದೆ ಬೈಕಿನಲ್ಲಿ ಸುತ್ತಿ ಅವಳ ಕೈ ಹಿಡಿದು ಎಳೆಯುತ್ತಾನೆ. ನನ್ನ ಎಂಟನೇ ಕ್ಲಾಸಿನ ಹುಡುಗರು ಅವನಂತೆ ಕಾಲರ್ ಎತ್ತಿಕೊಂಡು ಬರುತ್ತಾರೆ. ಅವನು ಒಬ್ಬ ಅನಾಥ ಮಗುವಿಗೆ ಬನ್ನು ಕೊಡುವ ದೃಶ್ಯ ಒಂದಿದೆ. ಅಷ್ಟಕ್ಕೇ ಅವನ ಕೊಲೆಗಳೆಲ್ಲ ಮಾಫಿ. ಅವನು ಒಳ್ಳೆಯವನು ಎಂದು ಹಿಂದಿನಿಂದ ಡೋಲು ಬಡಿದು ಹೇಳುತ್ತಾರೆ, ನಾವು ಹೌದೆಂದು ಸೀಟಿ ಹೊಡೆಯುತ್ತೇವೆ. ಈ ಹೆಂಗಸಿಗೆ ಡೋಲು ಬಡಿಯುವವರಿರಲಿಲ್ಲ. ಅವಳು ಬರೀ ತನ್ನ ಪಾಲು ಕೇಳಿದಳು, ಅದೂ ಹಲ್ಲು ಕಚ್ಚಿಕೊಂಡು ಕೇಳಿದಳು. ಅವಳನ್ನು ನೋಡಿ ಥಿಯೇಟರಿನಲ್ಲಿ ಹಿಂದಿನ ಸಾಲಿನ ಒಬ್ಬ "ಥೂ ಮುಂಡೆ" ಎಂದ. ಎದ್ದು ಹೋಗಿ ಅವನ ಕೆನ್ನೆಗೆ ಬಿಡೋಣ ಎನಿಸಿತ್ತು.

ಇದರಲ್ಲಿ ನನ್ನ ಪಾಲೂ ಇದೆ, ಬಚ್ಚಿಡುವುದಿಲ್ಲ. ಇಪ್ಪತ್ತಾರು ವರ್ಷದಿಂದ ಪ್ರತಿ ಪಾಠ ಮುಗಿದಾಗಲೂ ಬೋರ್ಡಿನ ಮೇಲೆ ಬರೆದಿದ್ದೇನೆ: ಈ ಪಾಠದಿಂದ ತಿಳಿಯುವ ನೀತಿ ಏನು? ಮಕ್ಕಳು ಎರಡು ಸಾಲು ಬರೆಯುತ್ತಾರೆ, ನಾನು ಕೆಂಪು ಇಂಕಿನಲ್ಲಿ ರೈಟ್ ಹಾಕುತ್ತೇನೆ. ಒಳ್ಳೆಯವರು ಇಂಥವರು, ಕೆಟ್ಟವರು ಇಂಥವರು, ಕೆಟ್ಟವರಿಗೆ ಶಿಕ್ಷೆಯಾಯಿತು. ಒಂದು ಹುಡುಗಿ ಒಮ್ಮೆ ಎದ್ದು ನಿಂತು, ಆ ಕೆಟ್ಟವಳು ಯಾಕೆ ಹಾಗೆ ಮಾಡಿದಳು ಟೀಚರ್ ಎಂದು ಕೇಳಿದ್ದಳು. ಪರೀಕ್ಷೆಗೆ ಬರಲ್ಲ, ಕೂತ್ಕೋ ಎಂದಿದ್ದೆ. ಹೀಗೆ ಕೂರಿಸಿದ ಮಕ್ಕಳೇ ದೊಡ್ಡವರಾಗಿ ಟಿಕೆಟ್ ಕೊಂಡು ನೀತಿ ಹುಡುಕಲು ಹೋಗುತ್ತಾರೆ, ಸಿಗದಿದ್ದರೆ ಥೂ ಎನ್ನುತ್ತಾರೆ.

ಸೋಮವಾರ ಅಣ್ಣ ಅತ್ತಿಗೆ ಹಾಸನಕ್ಕೆ ಬಂದಿದ್ದರು. ಅಣ್ಣನ ಮಗಳಿಗೆ ಮದುವೆ ಗೊತ್ತಾಗಿತ್ತು, ಸೀರೆ ತೆಗೆಯುವ ಕೆಲಸ. ನಮ್ಮ ತವರು ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಕಡೆ. ಅಪ್ಪ ಅಮ್ಮ ಇಬ್ಬರೂ ಈಗಿಲ್ಲ, ಮನೆಗೆ ಅಣ್ಣನೇ ಯಜಮಾನ. ಸೀರೆ ಅಂಗಡಿಯಿಂದ ಇಬ್ಬರನ್ನೂ ನೇರ ಥಿಯೇಟರಿಗೆ ಕರೆದುಕೊಂಡು ಹೋದೆ. ಏನು ಸಿನಿಮಾ ಎಂದು ಹೇಳಿರಲಿಲ್ಲ. ಬೇಕೆಂದೇ ಹೇಳಿರಲಿಲ್ಲ.

ಓಲೆ ಬಿಚ್ಚುವ ದೃಶ್ಯ ಬಂದಾಗ ಅಣ್ಣ ಕುರ್ಚಿಯಲ್ಲಿ ಎರಡು ಸಲ ಮಗ್ಗುಲು ಬದಲಾಯಿಸಿದ. ಮಧ್ಯಂತರಕ್ಕೆ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದವನು ವಾಪಸ್ಸು ಬರಲಿಲ್ಲ. ಅತ್ತಿಗೆ ಮಿಕ್ಕಿದ್ದನ್ನು ತೂಕಡಿಸುತ್ತಾ ಮುಗಿಸಿದಳು. ಹೊರಗೆ ಕಾರಿನ ಪಕ್ಕ ನಿಂತಿದ್ದ ಅಣ್ಣನ ಮುಖ ಕೆಂಪಾಗಿತ್ತು.

"ಇದೊಂದು ಪಿಚ್ಚರ್ರೇನಮ್ಮಿ? ಒಬ್ರಾದ್ರೂ ಒಳ್ಳೇರು ಬ್ಯಾಡ್ವಾ? ಕಾಸು ಕೊಟ್ಟು ಇಂತೋಳ ಮೊಕ ಯಾಕ್ ನೋಡ್ಬೇಕು? ನಮ್ಮನೇಲೇ ಒಬ್ಳು ಇದ್ಲಲ್ಲ, ಸಾಲ್ದಾ?"

ಇದ್ದಳಲ್ಲ ಎಂದ, ಸತ್ತವಳ ಬಗ್ಗೆ ಹೇಳುವ ಹಾಗೆ. ನಮ್ಮ ಅಕ್ಕ ಬದುಕಿದ್ದಾಳೆ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ ಗಟ್ಟಿಮುಟ್ಟಾಗಿ ಇದ್ದಾಳೆ. ಆ ಸಿನಿಮಾ ನೋಡಿ ನಾನು ಮನೆಯವರೆಗೂ ನಡೆದು ಹೋದದ್ದು ಅವಳಿಂದಲೇ.

ಹನ್ನೊಂದು ವರ್ಷದ ಹಿಂದೆ ಅಣ್ಣ ನಮ್ಮಿಬ್ಬರನ್ನೂ ಚನ್ನರಾಯಪಟ್ಟಣದ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆಸಿದ್ದ. ನಮ್ಮ ಕಡೆ ಜಮೀನಿರುವ ಮನೆಗಳಲ್ಲೆಲ್ಲ ನಡೆಯುವುದೇ ಅದು. ಅಪ್ಪ ಹೋದ ಮೇಲೆ ಹೆಣ್ಣುಮಕ್ಕಳನ್ನು ಒಂದು ದಿನ ಕಾರಿನಲ್ಲಿ ಕರೆದೊಯ್ಯುತ್ತಾರೆ. ನಮಗೇನೂ ಬೇಡ, ಎಲ್ಲ ಅಣ್ಣತಮ್ಮಂದಿರಿಗೇ ಇರಲಿ ಎಂದು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿ, ಹೆಬ್ಬೆಟ್ಟು ಒತ್ತಿಸಿ, ಕ್ಯಾಮೆರಾ ಮುಂದೆ ಕೂರಿಸಿ ಫೋಟೋ ಹೊಡೆಸುತ್ತಾರೆ. ಮನೆಗೆ ಬಂದ ಮೇಲೆ ಒಬ್ಬಟ್ಟಿನ ಊಟ, ಮಡಿಲಿಗೆ ಸೀರೆ. ಕಾನೂನು ಏನು ಹೇಳುತ್ತದೆ ಎಂದು ಎಲ್ಲರಿಗೂ ಗೊತ್ತು. ಸಹಿ ಹಾಕದಿದ್ದರೆ ತವರು ಇರುವುದಿಲ್ಲ ಎಂದೂ ಗೊತ್ತು. ನಾನು ಓದಿದವಳು, ನೌಕರಿಯಲ್ಲಿರುವವಳು, ಬೇಗ ಬೇಗ ಸಹಿ ಹಾಕಿದೆ. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ಅಕ್ಕ ಹಾಕಲಿಲ್ಲ. ಬೆಂಚಿನ ಮೇಲೆ ಕೂತು ಬಾಳೆಹಣ್ಣು ಸುಲಿದು ತಿನ್ನುತ್ತಾ, "ನಾನ್ ಆಕಲ್ಲ ಕಣ. ಏನ್ ಮಾಡ್ಕತೀರೋ ಮಾಡ್ಕಳಿ," ಎಂದಳು. ಅಣ್ಣ ಬೇಡಿದ, ಬೈದ. ನಾನೂ ಹೋಗಿ, ಮಾನ ಕಳೀಬೇಡ ಕಣಕ್ಕ ಎಂದೆ. ಅವಳು ಇಡೀ ಆಫೀಸಿಗೆ ಕೇಳುವಂತೆ, "ನಿಂಗೇನು ಸೈನ್ ಆಕೋಕೆ ಕಷ್ಟ? ಮಕ್ಕಳಾ ಮರಿಯಾ? ನಿಂಗ್ಯಾಕ್ ಬೇಕು ಪಾಲು?" ಎಂದಳು. ನನಗೆ ಮಕ್ಕಳಿಲ್ಲ. ಅಲ್ಲಿದ್ದ ಗುಮಾಸ್ತರು, ಪತ್ರ ಬರಹಗಾರರು ಎಲ್ಲ ತಿರುಗಿ ನೋಡಿದರು. ಆ ಮಾತು ನನ್ನ ಎದೆಯಲ್ಲಿ ಇನ್ನೂ ಹಾಗೇ ಇದೆ.

ಒಳ್ಳೆಯವಳಲ್ಲ ನಮ್ಮ ಅಕ್ಕ, ಅವಳನ್ನು ಇಲ್ಲಿ ತೊಳೆದು ಬೆಳ್ಳಗೆ ಮಾಡಲು ನಾನು ಹೊರಟಿಲ್ಲ. ಅಮ್ಮನ ಕೊರಳಿನ ಅಡ್ಡಿಕೆಯನ್ನು ಕೇಳದೆ ಒಯ್ದವಳು. ಅಪ್ಪನ ತಿಥಿಗೆ ಬಾರದವಳು. ಅತ್ತಿಗೆ ಮಾಡಿದ ಸಾರಿಗೆ ಹೆಸರಿಟ್ಟು ಅವಳನ್ನು ಅಡಿಗೆಮನೆಯಲ್ಲಿ ಅಳಿಸಿದವಳು. ಸಹಿ ಹಾಕದ ಆ ದಿನದಿಂದ ತವರಿನಿಂದ ಅವಳಿಗೆ ಗೌರಿ ಹಬ್ಬಕ್ಕೆ ಬಾಗಿನ ಹೋಗುವುದು ನಿಂತಿತು. ಎರಡು ಬಾಗಿನದ ಜಾಗದಲ್ಲಿ ಒಂದೇ ಕಟ್ಟಿದರು. ನನಗೆ ಮಾತ್ರ ಪ್ರತಿ ವರ್ಷ ಬಂತು, ನಾನು ತೆಗೆದುಕೊಂಡೆ. ಹಾಸನದಿಂದ ಅರಕಲಗೂಡಿಗೆ ಒಂದು ಬಸ್ಸು, ಅಲ್ಲಿಂದ ಮಲ್ಲಿಪಟ್ಟಣಕ್ಕೆ ಇನ್ನೊಂದು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನ ನಾನು ಆ ಬಸ್ಸು ಹತ್ತಲಿಲ್ಲ. ಗಣಿತದ ಮೇಷ್ಟ್ರನ್ನು, ಹಿಂದಿನ ಸಾಲಿನವನನ್ನು, ಇಡೀ ಹಾಸನವನ್ನು ಬೈದೆನಲ್ಲ, ನನಗೇ ಏನೆಂದು ಬೈದುಕೊಳ್ಳಲಿ ಎಂದು ತಿಳಿಯದೆ ಮೈಯೆಲ್ಲ ಉರಿಯಿತು.

ಮುಂದಿನ ಭಾನುವಾರ ಅಣ್ಣ ಫೋನು ಮಾಡಿ ಬರಹೇಳಿದ. ಮದುವೆಗೆ ಕರೆಯುವವರ ಪಟ್ಟಿ ಮಾಡಬೇಕಿತ್ತು, ನನ್ನ ಅಕ್ಷರ ದುಂಡಗಿದೆಯಂತೆ. ಜಗಲಿಯ ಮೇಲೆ ಕೂತು ಅವನು ಹೇಳುತ್ತಾ ಹೋದ, ನಾನು ಊರಿನ ಪ್ರಕಾರ ಬರೆಯುತ್ತಾ ಹೋದೆ. ದುದ್ದದ ಬೀಗರು, ಹೊಳೆನರಸೀಪುರದ ಅತ್ತಿಗೆಯ ತವರು, ಹಾಸನದ ಹನ್ನೆರಡು ಮನೆ. ಅರಕಲಗೂಡು ತಾಲ್ಲೂಕು ಬಂದಾಗ ಅವನು ಮೂರು ಮನೆ ಹೇಳಿ ಮುಂದಕ್ಕೆ ಹೋದ. ನಾನು ಪೆನ್ನು ಎತ್ತಲಿಲ್ಲ. "ಅಕ್ಕನ ಮನೆ?" ಎಂದೆ.

"ವಾಟ್ಸಾಪಲ್ಲಿ ಕಾರ್ಡ್ ಆಕ್ತೀನಿ ಬುಡು. ಬೇಕಾದ್ರೆ ಬತ್ತಾಳೆ."

"ಫೋನಲ್ಲಿ ಕರೆದ್ರೆ ಅದು ಕರೆದ ಹಾಗಾ ಅಣ್ಣ? ಮೊದಲ ಕುಂಕುಮ ಮನೆದೇವರಿಗೆ, ಎರಡನೇದು ಮನೆ ಹೆಣ್ಣುಮಕ್ಕಳಿಗೆ. ಆಮೇಲೆ ತಾನೆ ಮಿಕ್ಕೋರಿಗೆ? ಮನೆ ಬಾಗಿಲಿಗೆ ಹೋಗಿ, ಹಣೆಗಿಟ್ಟು, ಎಲೆ ಅಡಿಕೆ ಕೊಟ್ಟು ಕರೀಬೇಕು. ಅವಳು ಸೋದರತ್ತೆ. ಹುಡುಗಿಗೆ ಅವಳು ಆರತಿ ಎತ್ತಬೇಕು."

"ಅವ್ಳು ಒಂದ್ಸಲ, ಒಂದೇ ಒಂದ್ಸಲ ಬಂದು, ತಪ್ಪಾಯ್ತು ಅಂತ ಕಣ್ಣೀರಾಕ್ಲಿ. ನಾನೇ ಓಗಿ ಕರ್ಕ ಬತ್ತೀನಿ. ಅಂಗೇ ಬಂದು ಕಣ್ಣು ದಪ್ಪ ಮಾಡ್ಕ ಕುಂತ್ರೆ ನಾನ್ ಒಪ್ಪಕಿಲ್ಲ."

ಗಣಿತದ ಮೇಷ್ಟ್ರು ಕೇಳಿದ ಒಂದು ಸೀನನ್ನೇ ಇವನೂ ಕೇಳುತ್ತಿದ್ದ. ನಾನು ಪಟ್ಟಿ ಮುಗಿಸಿಕೊಟ್ಟು, ಯಾರಿಗೂ ಹೇಳದೆ ಒಂದು ಲಗ್ನಪತ್ರಿಕೆ ಬ್ಯಾಗಿಗೆ ಹಾಕಿಕೊಂಡು ಬಂದೆ. ಅಕ್ಕ ಈ ಮದುವೆಗೂ ಬಾರದೆ ಹೋದರೆ ಇನ್ನು ಬರುವ ದಾರಿಯೇ ಇರಲಿಲ್ಲ. ಮನೆಯಲ್ಲಿ ಅದೇ ಕೊನೆಯ ಮದುವೆ, ಆಮೇಲೆ ಎಲ್ಲರೂ ಸೇರುವುದು ಯಾರಾದರೂ ಸತ್ತಾಗಲೇ.

ಬುಧವಾರ ರಜೆ ಹಾಕಿ ಮಲ್ಲಿಪಟ್ಟಣಕ್ಕೆ ಹೋದೆ. ಬೆಳಿಗ್ಗೆ ಹನ್ನೊಂದರ ಹೊತ್ತು. ಅಕ್ಕ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಏಳಲಿಲ್ಲ. "ಚಪ್ಲಿ ಆಚೆ ಬುಡು," ಎಂದಳು. ಅದೇ ಮೊದಲ ಮಾತು.

ಬಸ್ಸಿನಲ್ಲಿ ನಾನು ಒಂದು ದೃಶ್ಯ ಕಟ್ಟಿಕೊಂಡು ಬಂದಿದ್ದೆ, ಅದನ್ನು ಹೇಳಲು ನಾಚಿಕೆಯಾಗುತ್ತದೆ. ಅವಳು ನನ್ನನ್ನು ನೋಡಿ ಕೈಯಲ್ಲಿದ್ದದ್ದು ಬಿಡುತ್ತಾಳೆ, ಗಂಟಲು ಕಟ್ಟುತ್ತದೆ, ಇಬ್ಬರೂ ಅಳುತ್ತೇವೆ. ಮೂರು ಸಲ ಆ ಸಿನಿಮಾ ನೋಡಿ, ಊರಿಗೆಲ್ಲ ಉಪದೇಶ ಮಾಡಿದವಳು ನಾನು. ನನಗೂ ಕಣ್ಣೀರು ಬೇಕಿತ್ತು. ಅವಳು ಒಳಗೆ ಹೋಗಿ ಕಾಫಿ ತಂದು ನನ್ನ ಮುಂದೆ ಕುಕ್ಕಿದಳು.

"ಅನ್ನೊಂದ್ ವರ್ಸ ಆದ್ಮೇಲೆ ದಾರಿ ಗೊತ್ತಾಯ್ತಾ? ಯಾಕ್ ಬಂದೆ?"

ಸಿನಿಮಾದ ವಿಷಯ ಹೇಳಿದೆ. ಬೇರೆ ಏನು ಹೇಳಬೇಕೋ ತೋಚಲಿಲ್ಲ. ಹಸು, ಕೋರ್ಟು, ಓಲೆ ಎಲ್ಲ ಹೇಳಿದೆ. ಅವಳು ಕೆಲಸ ನಿಲ್ಲಿಸದೆ ಕೇಳಿದಳು.

"ಕೊನೇಗೆ ಅತ್ಲಾ ಅವ್ಳು?"

"ಇಲ್ಲ."

"ಅದ್ಕೇ ಯಾರೂ ನೋಡಿಲ್ಲ. ಆವತ್ತು ಆ ಆಫೀಸಲ್ಲಿ ನಾನು ಅತ್ತಿದ್ರೆ ನೀನು ಮಾರ್ನೇ ದಿನವೇ ಬಂದ್ಬುಡ್ತಿದ್ದೆ ಕಣಮ್ಮಿ."

ನಾನು ಬ್ಯಾಗಿನಿಂದ ಲಗ್ನಪತ್ರಿಕೆ, ಕುಂಕುಮದ ಭರಣಿ, ಎಲೆ ಅಡಿಕೆ ತೆಗೆದು ಕೆಳಗಿಟ್ಟೆ. ಭರಣಿಯ ಮುಚ್ಚಳ ತೆಗೆದು ಅವಳ ಹಣೆಯ ಹತ್ತಿರ ಕೈ ಒಯ್ದೆ. ಅವಳು ಮುಖ ಹಿಂದಕ್ಕೆ ತೆಗೆದುಕೊಂಡಳು.

"ಯಾರ್ ಮನೆ ಕುಂಕುಮ ಇದು? ಅವ್ನು ಕಳ್ಸಿದ್ನಾ?"

"ಇಲ್ಲ. ನಾನೇ ತಂದೆ."

"ನೀನ್ಯಾರು ತರೋಕೆ? ಎಲ್ಲಾ ಬರ್ಕೊಟ್ಟು, ಎಬ್ಬೆಟ್ಟೊತ್ತಿ, ನಕ್ಕೊಂಡು ಫೋಟೋ ಒಡಿಸ್ಕ ಬಂದೋಳು ನೀನು. ಆ ಮನೇಲಿ ನಿಂಗೆ ಒಂದ್ ಇಟ್ಟಿಗೇನೂ ಇಲ್ಲ. ನನ್ ಪಾಲು ಇನ್ನೂ ಅಲ್ಲೇ ಐತೆ. ನನ್ ಮನೆ ಮದ್ವೇಗೆ ನನ್ನ ಕರೆಯೋಕೆ ನೀನ್ಯಾರು?"

ನನಗೆ ಎಂಥ ಕೋಪ ಬಂತೆಂದರೆ ಭರಣಿಯ ಮುಚ್ಚಳವನ್ನು ಟಪ್ಪೆಂದು ಒತ್ತಿ ಮುಚ್ಚಿದೆ. ರಜೆ ಹಾಕಿ, ಎರಡು ಬಸ್ಸು ಹಿಡಿದು, ಅಣ್ಣನಿಗೆ ತಿಳಿಯದಂತೆ ಬಂದವಳಿಗೆ ಇವಳು ಆಡುವ ಮಾತು ಇದು. "ನಿನ್ನ ಬಾಯಲ್ಲಿ ಒಂದು ಒಳ್ಳೆ ಮಾತು ಬರಲ್ಲ. ನಿನ್ನ ಯಾರೂ ಕರೀದೇ ಇರೋದು ಅದಕ್ಕೇ," ಎಂದು ಕಿರುಚಿದೆ. ಪಕ್ಕದ ಮನೆಯ ಹೆಂಗಸು ಕಾಂಪೌಂಡಿನ ಮೇಲಿಂದ ಇಣುಕಿದಳು. ಅಕ್ಕ ಅವಳನ್ನು ದುರುಗುಟ್ಟಿ ನೋಡಿ ಒಳಗೆ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಬೇಸರ ಇರಲಿಲ್ಲ, ಸಣ್ಣ ನಗು ಇತ್ತು.

"ನಾನು ಕೆಟ್ಟೋಳು, ನನ್ನ ಯಾರೂ ಕರೆಯಲ್ಲ, ಸರಿ. ಮದ್ವೇಗೆ ಬತ್ತೀನಿ, ಕರೀದಿದ್ರೂ ಬತ್ತೀನಿ, ಆರ್ತೀನೂ ಎತ್ತೀನಿ. ಅದೆಂಗೆ ತಡೀತಾನೋ ನೋಡಣ. ನೀನು ಒಳ್ಳೇಳಲ್ವಾ? ನಿನ್ನ ಮನೆ ಬಾಗ್ಲಿಗೆ ಯಾರ್ ಬಂದಿದ್ರು ಕುಂಕುಮ ತಗಂಡು?"

ಅಣ್ಣ ಎನ್ನಲು ಬಾಯಿ ತೆರೆದೆ. ಅವನು ಹಾಸನಕ್ಕೆ ಬಂದದ್ದು ಸೀರೆ ತೆಗೆಯಲು. ಅತ್ತಿಗೆ ಎನ್ನಲು ಹೋದೆ. ಅವಳು ನನ್ನ ಮನೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಪತ್ರಿಕೆ ನಾನೇ ಬ್ಯಾಗಿಗೆ ಹಾಕಿಕೊಂಡು ಬಂದದ್ದು. ಅಕ್ಕ ಉತ್ತರಕ್ಕೆ ಕಾಯಲಿಲ್ಲ, ಕಾಫಿ ಆರೋಯ್ತದೆ ಕುಡಿ ಎಂದು ಹೇಳಿ ಮೆಣಸಿನಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ಹಾಸನ ಎಂದು ಬರೆದು ಅಡಿಗೆರೆ ಎಳೆದು, ಅದರ ಕೆಳಗೆ ನಾನು ನನ್ನ ದುಂಡಗಿನ ಅಕ್ಷರದಲ್ಲಿ ಬರೆದ ಹನ್ನೆರಡು ಮನೆಗಳನ್ನು ಅಲ್ಲೇ ಕೂತು ಒಂದೊಂದಾಗಿ ನೆನಪು ಮಾಡಿಕೊಂಡೆ. ಅದರಲ್ಲಿ ನನ್ನ ಮನೆ ಇರಲಿಲ್ಲ. ಅಣ್ಣ ಬರೆಸಿರಲಿಲ್ಲ, ನಾನೂ ಕೇಳಿರಲಿಲ್ಲ.